ತೋಮನ ಪ್ರಶ್ನೆ, ಶನಿವಾರದ ಬಟವಾಡೆ

ಬೈಬಲಿನ ಯೋಹಾನನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಯೇಸುವಿನ ಶಿಷ್ಯನಾದ ತೋಮನು ಕೇಳುವ ಪ್ರಶ್ನೆ ನನಗೆ ಮೊದಲಿನಿಂದಲೂ ಇಷ್ಟ. ತಾನು ಹೋಗುವ ಸ್ಥಳದ ದಾರಿ ನಿಮಗೆ ಗೊತ್ತಿದೆ ಎಂದು ಯೇಸು ಹೇಳಿದಾಗ ಉಳಿದವರು ಸುಮ್ಮನೆ ತಲೆಯಾಡಿಸಿದರೋ ಏನೋ. ತೋಮನು ಮಾತ್ರ, ನೀವು ಹೋಗುವುದು ಎಲ್ಲಿಗೆಂಬುದೇ ತಿಳಿಯದಿರುವಾಗ ದಾರಿ ತಿಳಿಯುವುದು ಹೇಗೆ ಎಂದು ಕೇಳಿಬಿಟ್ಟನು. ತಾನೇ ಮಾರ್ಗ, ಸತ್ಯ ಮತ್ತು ಜೀವ, ತನ್ನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಬರುವುದಿಲ್ಲ ಎಂಬ ಯೇಸುವಿನ ಮಾತು ಬಂದದ್ದು ಈ ಪ್ರಶ್ನೆಗೆ ಉತ್ತರವಾಗಿ. ಆ ವಾಕ್ಯವನ್ನು ಭಾನುವಾರ ಶಾಲೆಯಲ್ಲಿ ಬಾಯಿಪಾಠ ಮಾಡಿದವಳು ನಾನು. ನಮ್ಮವರ ಮನೆಗಳ ಕ್ಯಾಲೆಂಡರುಗಳಲ್ಲಿ ಅದನ್ನು ನೋಡುತ್ತಲೇ ಬೆಳೆದೆ. ಆದರೆ ಒಬ್ಬ ವ್ಯಕ್ತಿಯೇ ದಾರಿಯಾಗಿದ್ದರೆ ಆ ದಾರಿಯಲ್ಲಿ ನಡೆಯುವವರು ಬೆಳಗಾದರೆ ಏನು ಮಾಡಬೇಕು ಎಂಬುದನ್ನು ನಾನು ಕಲಿತದ್ದು ನನ್ನ ಕೆಲಸದ ನಡುವೆ.

ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮ ಮನೆ. ಬಳ್ಳಾರಿಯ ಜೀನ್ಸ್ ಎಲ್ಲರಿಗೂ ಗೊತ್ತು, ಆದರೆ ಅದರ ಕೆಲಸದಲ್ಲಿ ಬಹುಪಾಲು ಸಣ್ಣ ಸಣ್ಣ ಶೆಡ್ಡುಗಳಲ್ಲಿ, ಮನೆಗಳ ಪಡಸಾಲೆಗಳಲ್ಲಿ ನಡೆಯುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ನಮ್ಮದು ಹೊಲಿಗೆಯ ಘಟಕವಲ್ಲ. ಹೊಲಿದು ಬಂದ ಪ್ಯಾಂಟುಗಳ ದಾರದ ತುದಿಗಳನ್ನು ಕತ್ತರಿಸಿ, ಹೊಲಿಗೆ ಬಿಟ್ಟಿರುವ ಕಡೆ ಗುರುತು ಮಾಡಿ, ಎಣಿಸಿ, ಕಟ್ಟು ಕಟ್ಟಿ ವಾಷಿಂಗಿಗೆ ಕಳುಹಿಸುವ ಜಾಬ್‌ವರ್ಕ್ ನಮ್ಮದು. ಸುತ್ತಲಿನ ಹೆಣ್ಣುಮಕ್ಕಳು ಮನೆಕೆಲಸ ಮುಗಿಸಿ ಬಂದು ನೆಲದ ಮೇಲೆ ಕುಳಿತು, ಅಂಗೈಯಲ್ಲಿ ಅಡಗುವಷ್ಟು ಸಣ್ಣ ಕತ್ತರಿಯಿಂದ ಈ ಕೆಲಸ ಮಾಡುತ್ತಾರೆ. ಒಗೆಯುವುದಕ್ಕೆ ಮುಂಚಿನ ಜೀನ್ಸ್ ಬಟ್ಟೆ ಗಂಜಿ ಹಾಕಿದಂತೆ ಬಿರುಸಾಗಿರುತ್ತದೆ, ಅದರ ಬಣ್ಣವೂ ಬಿಡುತ್ತದೆ; ಹೀಗಾಗಿ ಸಂಜೆಯಾಗುವಷ್ಟರಲ್ಲಿ ಎಲ್ಲರ ಬೆರಳುಗಳೂ ಉಗುರಿನ ಸಂದಿನವರೆಗೆ ನೀಲಿಯಾಗಿರುತ್ತವೆ. ಕೂಲಿ ಪೀಸಿನ ಲೆಕ್ಕದಲ್ಲಿ.

ನನ್ನ ಕ್ರಮ ಬಹಳ ಸರಳವಾದದ್ದು. ಬೆಳಿಗ್ಗೆ ನಲ್ಲಿ ನೀರು ಹಿಡಿದು, ಯಜಮಾನರಿಗೆ ಬುತ್ತಿ ಕಟ್ಟಿ ಕಳುಹಿಸಿದ ಮೇಲೆ ಸುವಾರ್ತೆಯ ಒಂದು ಸಣ್ಣ ಭಾಗವನ್ನು ಓದುತ್ತೇನೆ. 16 ಅಧ್ಯಾಯಗಳಷ್ಟೇ ಇರುವ ಮಾರ್ಕನ ಸುವಾರ್ತೆಯಿಂದ ಆರಂಭಿಸಿದೆ. ಅಲ್ಲಿ ಯೇಸು ಮಾತಿಗಿಂತ ಹೆಚ್ಚಾಗಿ ನಡೆಯುತ್ತಿರುತ್ತಾನೆ, ಊರಿಂದ ಊರಿಗೆ, ದೋಣಿಯಿಂದ ದಡಕ್ಕೆ, ಹಿಂದೆ ಬರುವವರು ಓಡೋಡಿ ಬರಬೇಕು. ಓದಿದ್ದರಲ್ಲಿ ಆತನು ಏನನ್ನಾದರೂ ಮಾಡಿರಿ ಎಂದು ಹೇಳಿದ್ದರೆ, ಅಥವಾ ತಾನೇ ಏನನ್ನಾದರೂ ಮಾಡಿ ತೋರಿಸಿದ್ದರೆ, ಅದರಲ್ಲಿ ಒಂದನ್ನು ಮಾತ್ರ ತೆಗೆದುಕೊಂಡು ನನ್ನ ಪೀಸು ಬರೆಯುವ ನೋಟ್‌ಬುಕ್ಕಿನ ಮೇಲ್ತುದಿಯಲ್ಲಿ ಬರೆದಿಡುತ್ತೇನೆ. ಅದನ್ನು ಮಾಡುವ ತನಕ ಮುಂದಿನದಕ್ಕೆ ಹೋಗುವುದಿಲ್ಲ. ಕೆಲವು ಮಾತುಗಳು ಅಂದೇ ಮುಗಿದಿವೆ, ಕೆಲವು ತಿಂಗಳುಗಟ್ಟಲೆ ನೋಟ್‌ಬುಕ್ಕಿನಲ್ಲಿ ಉಳಿದಿವೆ. ಕನ್ನಡದಲ್ಲಿ ಈ ಓದು ಆರಂಭವಾದದ್ದೂ ನಮ್ಮ ಊರಿನಲ್ಲೇ ಎಂದು ನೆನೆದರೆ ಒಂದು ಬಗೆಯ ಹೆಮ್ಮೆ ಆಗುತ್ತದೆ: ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ, ಅವರೂ ವಿಲಿಯಂ ರೀವ್ ಮೊದಲಾದವರೂ ಸೇರಿ ನಡೆಸಿದ ಕೆಲಸದ ಫಲವಾಗಿ ಪೂರ್ಣ ಸತ್ಯವೇದ, ಅಂದರೆ ಬೈಬಲ್, ಕನ್ನಡಕ್ಕೆ ಬಂದದ್ದು 1831ರಲ್ಲಿ. ಇಷ್ಟು ವರ್ಷಗಳಿಂದ ಈ ಊರಿನಲ್ಲಿ ಓದಲ್ಪಡುತ್ತಿರುವ ಪುಸ್ತಕವನ್ನು ಕೇವಲ ಓದಿ ಮುಚ್ಚಿಡುವುದಕ್ಕೆ ನನಗೆ ಮನಸ್ಸಾಗಲಿಲ್ಲ.

ಹೀಗೆ ಒಂದೊಂದೇ ಮಾತನ್ನು ಹಿಡಿಯಲು ಆಧಾರವೂ ಯೋಹಾನನಲ್ಲಿಯೇ ಇದೆ. 7ನೆಯ ಅಧ್ಯಾಯದಲ್ಲಿ ಯೇಸು, ದೇವರ ಚಿತ್ತದಂತೆ ನಡೆಯಲು ಮನಸ್ಸುಳ್ಳವನಿಗೆ ತನ್ನ ಬೋಧನೆ ದೇವರಿಂದ ಬಂದದ್ದೋ ಅಲ್ಲವೋ ಎಂಬುದು ತಿಳಿಯುವುದು ಎನ್ನುತ್ತಾನೆ. ಮೊದಲು ತಿಳಿದುಕೊಂಡು ಆಮೇಲೆ ನಡೆಯುವುದು ಲೋಕದ ಕ್ರಮ. ಇಲ್ಲಿ ನಡೆಯಲು ಒಪ್ಪಿದವರಿಗೆ ತಿಳಿವಳಿಕೆ ಬರುತ್ತದೆ. ನಮ್ಮ ಕೆಲಸಕ್ಕೆ ಹೊಸದಾಗಿ ಬಂದ ಹುಡುಗಿಗೆ ದಾರ ಕತ್ತರಿಸುವುದನ್ನು ಬಾಯಿಮಾತಿನಲ್ಲಿ ಎಷ್ಟು ವಿವರಿಸಿದರೂ ಕತ್ತರಿ ಬಟ್ಟೆಗೆ ತಾಗಿಯೇ ತಾಗುತ್ತದೆ. ಕೈ ಪಳಗಿದವರ ಪಕ್ಕ ಕುಳಿತು ಅವರ ಕೈಯನ್ನೇ ನೋಡುತ್ತ ಮಾಡಿದರೆ ಒಂದೆರಡು ಕಟ್ಟು ಮುಗಿಯುವಷ್ಟರಲ್ಲಿ ಹದ ಸಿಗುತ್ತದೆ. ಶಿಷ್ಯರು ಯೇಸುವಿನ ಬಳಿ ಕಲಿತದ್ದೂ ಹೀಗೆಯೇ ಎಂದು ನನ್ನ ನಂಬಿಕೆ.

ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ ಭಾಗ ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ಕೊನೆಯ ತಾಸಿನಲ್ಲಿ ಬಂದವನಿಗೂ ಇಡೀ ದಿನದ ಕೂಲಿಯಾದ ಒಂದು ಬೆಳ್ಳಿ ನಾಣ್ಯವನ್ನೇ ಯಜಮಾನನು ಕೊಟ್ಟನೆಂಬುದರ ಮೇಲೆ ಪ್ರಸಂಗಗಳು ನಡೆಯುತ್ತವೆ, ಅದು ಸರಿಯೇ. ದೇವರ ಕೃಪೆಯನ್ನು ತಿಳಿಸಲೆಂದೇ ಆ ಸಾಮ್ಯವನ್ನು ಹೇಳಲಾಯಿತು. ಆದರೆ ಕೂಲಿ ಬಟವಾಡೆ ಮಾಡುವವಳಾದ ನನ್ನ ಕಣ್ಣು ಇನ್ನೊಂದು ಮಾತಿನ ಮೇಲೆ ಬಿದ್ದಿತು: ಸಂಜೆಯಾದಾಗ ಯಜಮಾನನು ಪಾರುಪತ್ಯಗಾರನನ್ನು ಕರೆದು ಆಳುಗಳಿಗೆ ಕೂಲಿ ಕೊಡು ಎಂದನು. ಅಂದಿನ ಕೂಲಿ ಅಂದೇ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವೂ ಅದನ್ನೇ ಹೇಳುತ್ತದೆ, ಬಡ ಕೂಲಿಯವನು ಅದನ್ನೇ ನೆಚ್ಚಿಕೊಂಡಿರುವುದರಿಂದ ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡಬೇಕೆಂದು. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ.

ನಮ್ಮ ಕಸುಬಿನಲ್ಲಿ ನಡೆದು ಬಂದ ಪದ್ಧತಿ ಬೇರೆ. ಪಾರ್ಟಿಯಿಂದ, ಅಂದರೆ ಮಾಲು ಮಾಡಿಸುವ ವ್ಯಾಪಾರಿಯಿಂದ, ಹಣ ಬಂದ ಮೇಲೆ ಹೊಲಿಗೆಯವರಿಗೆ, ಹೊಲಿಗೆಯವರಿಂದ ಬಂದ ಮೇಲೆ ನಮಗೆ, ನಮ್ಮಿಂದ ದಾರ ಕತ್ತರಿಸುವವರಿಗೆ; ಸರಪಳಿಯ ಕೊನೆಯಲ್ಲಿ ಕುಳಿತವರಿಗೆ ಎಲ್ಲರಿಗಿಂತ ಕಡಿಮೆ ಹಣ, ಎಲ್ಲರಿಗಿಂತ ತಡವಾಗಿ. ಇದರಲ್ಲಿ ಯಾರೊಬ್ಬರನ್ನೂ ದೂರುವಂತಿಲ್ಲ, ಏಕೆಂದರೆ ಪ್ರತಿಯೊಬ್ಬರೂ ತಮಗೆ ಮೇಲಿನವರತ್ತ ಕೈ ತೋರಿಸಬಲ್ಲರು. ನೋಟ್‌ಬುಕ್ಕಿನ ಮೇಲ್ತುದಿಯಲ್ಲಿ ಅಂದಿನ ಕೂಲಿ ಅಂದೇ ಎಂದು ಬರೆದ ಮೇಲೆ ಅದು ಬಹಳ ದಿನ ಅಲ್ಲಿಯೇ ಉಳಿಯಿತು. ದಿನದಿನವೂ ಕೊಡುವಷ್ಟು ಶಕ್ತಿ ನಮಗಿರಲಿಲ್ಲ. ಕೆಲಸದವರನ್ನೇ ಕೇಳಿದಾಗ ಭಾನುವಾರದ ಸಂತೆಗೆ ಅನುಕೂಲವಾಗುವಂತೆ ವಾರಕ್ಕೊಮ್ಮೆ ತಪ್ಪದೆ ಕೊಟ್ಟರೆ ಸಾಕೆಂದರು. ಹೀಗೆ ಶನಿವಾರ ಗೊತ್ತಾಯಿತು. ಅದಕ್ಕೆ ಬೇಕಾದ ಮೂಲ ಹಣವನ್ನು ಒಮ್ಮೆ ಸ್ವಸಹಾಯ ಸಂಘದ ಸಾಲದಿಂದ ಹೊಂದಿಸಿ, ಪ್ರತಿಯೊಂದು ಬಿಲ್ಲಿನಿಂದಲೂ ಒಂದು ಭಾಗವನ್ನು ಬೇರೆ ಡಬ್ಬಿಯಲ್ಲಿ ತೆಗೆದಿಡುತ್ತ ಬಂದೆವು. ಆ ಡಬ್ಬಿಯನ್ನು ಮಗಳ ಶಾಲಾ ಫೀಸಿಗೂ ಮುಟ್ಟುವುದಿಲ್ಲ. ಡಬ್ಬಿಯಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಸರಿಹೊಂದುವ ಕಟ್ಟುಗಳನ್ನು ಮಾತ್ರ ಒಪ್ಪಿಕೊಳ್ಳುತ್ತೇವೆ, ದೀಪಾವಳಿ, ರಂಜಾನ್ ಸೀಜನ್ನಿನಲ್ಲಿ ಮಾಲು ಬಾಗಿಲಿಗೆ ಬಂದು ನಿಂತರೂ.

ನಮ್ಮ ಯಜಮಾನರು ಮೊದಲಿಗೆ ಇದನ್ನು ಒಪ್ಪಲಿಲ್ಲ. “ಊರಾಗ ಇಲ್ಲದ ಪದ್ಧತಿ ನಮಗ್ಯಾಕ?” ಎಂದರು. ಕೆಲಸದವರಲ್ಲಿ ಹಿರಿಯಳಾದ ಒಬ್ಬಾಕೆಯೂ ಮೊದಲ ಶನಿವಾರ ದುಡ್ಡು ಎಣಿಸಿಕೊಂಡು, “ಅಕ್ಕಾ, ಮುಂದಿನ ವಾರನೂ ಹಿಂಗಾ, ಇಲ್ಲ ಇದೊಂದ ವಾರನಾ?” ಎಂದು ಕೇಳಿದಳು. ಅವಳ ಅನುಮಾನ ನ್ಯಾಯವಾದದ್ದೇ ಆಗಿತ್ತು, ಮಾತಿನಿಂದ ಅದಕ್ಕೆ ಉತ್ತರವಿರಲಿಲ್ಲ. ಇದರ ಜೊತೆಗೆ ಇನ್ನೊಂದು ಸಣ್ಣ ತೀರ್ಮಾನವನ್ನೂ ಮಾಡಿದೆ: ಕತ್ತರಿ ತಾಗಿ ಪೀಸಿಗೆ ತೂತು ಬಿದ್ದರೆ ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವ ರೂಢಿಯನ್ನು ಕೈಬಿಟ್ಟು, ಅದನ್ನು ಘಟಕದ ಖರ್ಚಿಗೆ ಬರೆಯುವುದು. ನಮ್ಮ ಸಾಲಗಳನ್ನು ಮನ್ನಿಸು ಎಂದು ದಿನವೂ ಪ್ರಾರ್ಥಿಸುವವಳು ಒಂದು ಪ್ಯಾಂಟಿನ ತೂತನ್ನು ಮನ್ನಿಸದಿದ್ದರೆ ಆ ಪ್ರಾರ್ಥನೆಗೆ ಅರ್ಥವೇನು?

ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಷ್ಟೇ ಇರಲಿ ಎಂಬ ಮತ್ತಾಯ 5ನೆಯ ಅಧ್ಯಾಯದ ಮಾತು ಇದಕ್ಕಿಂತ ಬೇಗ ಕೈಗೆ ಹತ್ತಿತು. ಸೋಮವಾರ ಮಾಲು ಸಿಗುತ್ತದೆ ಎಂದು ಕೇಳಿದವರಿಗೆಲ್ಲ ಹೇಳಿ ಗುರುವಾರ ಕೊಡುವುದು ನಮ್ಮ ಬಜಾರಿನ ಭಾಷೆಯೇ ಆಗಿದೆ, ಯಾರೂ ಅದನ್ನು ಸುಳ್ಳೆಂದು ಎಣಿಸುವುದಿಲ್ಲ. ನಾನು ಗುರುವಾರವೆಂದೇ ಹೇಳತೊಡಗಿದೆ. ಒಬ್ಬ ಪಾರ್ಟಿ ಬೇರೆಯವರಿಗೆ ಕೆಲಸ ಕೊಟ್ಟರು, ಉಳಿದವರು ಹೊಂದಿಕೊಂಡರು.

ಅದೇ ಅಧ್ಯಾಯದಲ್ಲಿರುವ ಇನ್ನೊಂದು ಮಾತು ಮಾತ್ರ ಸುಲಭವಾಗಿ ಬಿಡಲಿಲ್ಲ. ಯಜ್ಞವೇದಿಯ ಬಳಿಗೆ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ವಿರೋಧವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು, ಹೋಗಿ ಒಂದಾಗಿ, ಆಮೇಲೆ ಬಂದು ಅರ್ಪಿಸು ಎನ್ನುತ್ತಾನೆ ಯೇಸು. ನನಗೆ ವಿರೋಧವಿದ್ದರೆ ಎಂದು ಹೇಳದೆ ಅವನಿಗೆ ವಿರೋಧವಿದ್ದರೆ ಎಂದು ಹೇಳಿರುವುದರಿಂದ ತಪ್ಪು ಯಾರದೆಂದು ತೂಗಿ ನೋಡುವುದಕ್ಕೆ ಅವಕಾಶವೇ ಉಳಿಯುವುದಿಲ್ಲ. ಮನೆಯ ಪಾಲಿನ ವಿಷಯದಲ್ಲಿ ನಮ್ಮ ಮೈದುನನಿಗೂ ನಮಗೂ ಮಾತು ನಿಂತಿತ್ತು. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನದ ಹಿಂದಿನ ದಿನ ಅವನ ಮನೆಗೆ ಹೋದೆ. ಓರಗಿತ್ತಿ ಚಹಾ ತಂದುಕೊಟ್ಟಳು, ಅವನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಪಾಲಿನ ಮಾತನ್ನು ನಾನೂ ಎತ್ತಲಿಲ್ಲ. ನಿನ್ನ ಮನಸ್ಸಿಗೆ ನಮ್ಮಿಂದ ನೋವಾಗಿದ್ದರೆ ಅದಕ್ಕಾಗಿ ಬಂದಿದ್ದೇನೆ ಎಂದಷ್ಟೇ ಹೇಳಿ ಎದ್ದು ಬಂದೆ. “ಆಗ್ಲಿ ಬಿಡ್ರಿ ಅತ್ತಿಗಿ” ಎಂದು ಅವನು ಬಾಗಿಲ ತನಕ ಬಂದನು. ಪಾಲಿನ ವಿಷಯ ಇಂದಿಗೂ ತೀರ್ಮಾನವಾಗಿಲ್ಲ, ಆದರೆ ಹಬ್ಬಕ್ಕೆ ಮಕ್ಕಳು ಬರುತ್ತಾರೆ, ಹೋಗುತ್ತಾರೆ.

ಇಷ್ಟೆಲ್ಲ ಆದ ಮೇಲೆ ಯೋಹಾನನ 14ನೆಯ ಅಧ್ಯಾಯಕ್ಕೆ ಮತ್ತೆ ಬಂದಾಗ ಅದು ಬೇರೆಯಾಗಿ ಕಂಡಿತು. ಅಧ್ಯಾಯದ ಗುರುತುಗಳನ್ನು ಬಹಳ ಕಾಲದ ನಂತರ ಹಾಕಿದ್ದು. 13 ಮತ್ತು 14 ಒಂದೇ ರಾತ್ರಿಯ, ಒಂದೇ ಊಟದ ಸುತ್ತಲಿನ ಮಾತುಗಳು. ತಾನೇ ಮಾರ್ಗವೆಂದು ಹೇಳಿದವನು ಅದಕ್ಕೂ ಸ್ವಲ್ಪ ಮುಂಚೆ ಮೇಲುಹೊದಿಕೆ ತೆಗೆದಿಟ್ಟು, ಸೊಂಟಕ್ಕೆ ಕೈಪಾವುಡ ಕಟ್ಟಿಕೊಂಡು, ಶಿಷ್ಯರ ಕಾಲುಗಳನ್ನು ತೊಳೆದಿದ್ದನು. ಆಗ ಆತನನ್ನು ಹಿಡಿದುಕೊಡಲಿದ್ದ ಯೂದನು ಇನ್ನೂ ಹೊರಗೆ ಹೋಗಿರಲಿಲ್ಲ, ಅವನ ಕಾಲುಗಳೂ ಆ ನೀರಿನಲ್ಲಿದ್ದವು. ಇದನ್ನು ಬಿಟ್ಟು ಮಾರ್ಗದ ವಾಕ್ಯವನ್ನು ಮಾತ್ರ ಕತ್ತರಿಸಿ ತೆಗೆದು ಎದುರಿನವರ ಮುಖಕ್ಕೆ ಹಿಡಿಯುವುದು ನನಗೆ ಸರಿಕಾಣುವುದಿಲ್ಲ. ಅದನ್ನು ಹೇಳಿದ್ದು ವಿರೋಧಿಗಳಿಗಲ್ಲ, ಗುರುವು ಬಿಟ್ಟುಹೋಗುತ್ತಾನೆಂದು ಕಳವಳಪಡುತ್ತಿದ್ದ ಶಿಷ್ಯರಿಗೆ.

ನನ್ನ ಜೊತೆ ಕುಳಿತು ಕೆಲಸ ಮಾಡುವವರಲ್ಲಿ ಕ್ರೈಸ್ತರು ಕಡಿಮೆ. ಕನಕ ದುರ್ಗಮ್ಮನ ಸಿಡಿಬಂಡಿ ಉತ್ಸವದ ದಿನ ಕೆಲವರು ಬರುವುದಿಲ್ಲ, ರಂಜಾನ್ ಉಪವಾಸದ ಸಂಜೆ ಕೆಲವರು ಬೇಗ ಏಳುತ್ತಾರೆ. ಒಮ್ಮೆ ಅವರಲ್ಲಿ ಒಬ್ಬಳು ನನ್ನ ಕ್ಯಾಲೆಂಡರಿನ ವಾಕ್ಯವನ್ನು ಓದಿ, “ಹಂಗಾದ್ರ ನಮ್ಮ ಗತಿ ಏನಕ್ಕಾ?” ಎಂದು ನಗುತ್ತಲೇ ಕೇಳಿದಳು. ಯೇಸು ಹಾಗೆ ಹೇಳಿಲ್ಲವೆಂದು ನಾನು ಹೇಳಲಾರೆ, ನನ್ನ ಜೀವ ನಿಂತಿರುವುದೇ ಆ ಮಾತಿನ ಮೇಲೆ. ಆದರೆ ನ್ಯಾಯತೀರಿಸುವ ಕುರ್ಚಿ ಆತನದು, ನನ್ನದಲ್ಲ, ಆತನನ್ನು ತಿಳಿಯಬೇಕೆಂಬ ಆಸೆ ನಿನಗಿದ್ದರೆ ಆತನು ಮಾಡಿದ್ದನ್ನೂ ಹೇಳಿದ್ದನ್ನೂ ಓದಿ ಹೇಳುತ್ತೇನೆ ಎಂದೆ. ಯೇಸು ಮನೆಗೆ ಬಂದಾಗ ಮನಸ್ಸು ಬದಲಾದ ಸುಂಕದವನಾದ ಜಕ್ಕಾಯನ ಕಥೆಯನ್ನು ಓದಿದೆ. ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದು ಅವನು ಹೇಳುವಲ್ಲಿ ಎಲ್ಲರೂ ಕತ್ತರಿ ನಿಲ್ಲಿಸಿ ಕೇಳಿದರು, ಯಾವ ಯಾವ ಪಾರ್ಟಿಗೆ ಈ ಕಥೆ ಹೇಳಬೇಕೆಂಬ ಚರ್ಚೆಯೂ ನಡೆಯಿತು.

ಇವುಗಳನ್ನು ಮಾಡಿದ್ದರಿಂದ ನಾನು ದೇವರಿಗೆ ಹತ್ತಿರವಾದೆನೆಂದು ಯಾರೂ ತಿಳಿಯಬಾರದು. ಜಕ್ಕಾಯನು ಹಣ ಕೊಟ್ಟದ್ದಕ್ಕೆ ಯೇಸು ಅವನ ಮನೆಗೆ ಹೋಗಲಿಲ್ಲ. ಯೇಸು ಅವನ ಮನೆಗೆ ಬಂದದ್ದಕ್ಕೆ ಅವನ ಕೈ ಬಿಚ್ಚಿತು. ಎಫೆಸದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯವೂ ಈ ಕ್ರಮವನ್ನೇ ಹೇಳುತ್ತದೆ: ರಕ್ಷಣೆ ಕೃಪೆಯಿಂದಲೇ, ಕ್ರಿಯೆಗಳಿಂದಲ್ಲ, ಆದರೂ ಸತ್ಕ್ರಿಯೆಗಳಿಗಾಗಿಯೇ ನಾವು ಸೃಷ್ಟಿಯಾದವರು. ಯೋಹಾನ 14ರ ಮೊದಲಲ್ಲಿ ಶಿಷ್ಯರು ತಂದೆಯ ಮನೆಗೆ ಹೋಗಬೇಕಾದವರು. 23ನೆಯ ವಚನಕ್ಕೆ ಬರುವಷ್ಟರಲ್ಲಿ ಆತನ ಮಾತನ್ನು ಕೈಕೊಂಡು ನಡೆಯುವವನ ಬಳಿಗೆ ತಂದೆಯೂ ಮಗನೂ ತಾವೇ ಬಂದು ನೆಲೆಸುತ್ತಾರೆ. ತಂದೆಯ ಬಳಿಗೆ ಹೋಗುವುದೆಂದರೆ ಸತ್ತ ಮೇಲಿನ ಸಂಗತಿ ಎಂದು ತಿಳಿದು ಬೆಳೆದವಳಿಗೆ, ದಾರದ ತುಂಡುಗಳು ಹರಡಿರುವ ಪಡಸಾಲೆಗೆ ಆತನು ಬರುತ್ತಾನೆ ಎಂಬುದು ಅಷ್ಟು ಬೇಗ ಅರಗುವ ಮಾತಲ್ಲ. ಆದರೆ ಮೈದುನನ ಮನೆಯಿಂದ ಹಿಂದಿರುಗುವಾಗಲೂ ಮೊದಲ ಬಟವಾಡೆಯ ಸಂಜೆಯೂ ನನ್ನ ಪ್ರಾರ್ಥನೆ ಎಂದಿನಂತೆ ಚಾವಣಿಗೆ ತಾಗಿ ನಿಲ್ಲಲಿಲ್ಲ ಎಂದು ಮಾತ್ರ ಸಾಕ್ಷಿ ಹೇಳಬಲ್ಲೆ.

ಈಗ ನೋಟ್‌ಬುಕ್ಕಿನ ಮೇಲ್ತುದಿಯಲ್ಲಿರುವುದು ವೈರಿಗಳನ್ನು ಪ್ರೀತಿಸಿರಿ ಎಂಬ ಮಾತು. ವೈರಿ ಎನ್ನುವಷ್ಟು ದೊಡ್ಡವರು ನನಗೆ ಯಾರೂ ಇಲ್ಲ, ಆದರೆ ಮಾಲು ತೆಗೆದುಕೊಂಡು ಹೋಗಿ ಹಣ ಕೊಡದೆ ಕಾಡುತ್ತಿರುವ ಒಬ್ಬರು ಇದ್ದಾರೆ. ಹಿಂಸಿಸುವವರಿಗಾಗಿ ದೇವರನ್ನು ಪ್ರಾರ್ಥಿಸಿರಿ ಎಂದು ಅದೇ ವಾಕ್ಯ ಹೇಳುವುದರಿಂದ ಪ್ರತಿದಿನ ಅವರ ಹೆಸರು ಹೇಳಿ, ಅವರ ಮಕ್ಕಳಿಗೆ ಆರೋಗ್ಯವನ್ನೂ ಅವರ ವ್ಯಾಪಾರಕ್ಕೆ ಏಳಿಗೆಯನ್ನೂ ಕೇಳುತ್ತೇನೆ. ಮೊದಲ ವಾರಗಳಲ್ಲಿ ಹಲ್ಲು ಕಚ್ಚಿಕೊಂಡೇ ಕೇಳುತ್ತಿದ್ದೆ. ಬಾಕಿಯನ್ನು ಬಿಟ್ಟುಕೊಟ್ಟಿಲ್ಲ, ಅದರಲ್ಲಿ ಕೆಲಸದವರ ಪಾಲೂ ಇದೆ. ಸೋಮವಾರ ಹನ್ನೊಂದು ಗಂಟೆಗೆ ಫೋನ್ ಮಾಡಿ ಕೇಳುತ್ತೇನೆ, ಅವರು ಮುಂದಿನ ವಾರ ಎನ್ನುತ್ತಾರೆ, ನಾನು ಆಗಲಿ ಅಣ್ಣಾ ಎಂದು ತಾರೀಖನ್ನು ಬರೆದುಕೊಳ್ಳುತ್ತೇನೆ.