ದಿನಕ್ಕೆ ಅರ್ಧ ಗಂಟೆ ನೂತರೆ ಎಳೆ ಹದಕ್ಕೆ ಬರುತ್ತದೆ

ಚರಕ ಕೊಂಡ ಹುರುಪಿನಲ್ಲಿ ಭಾನುವಾರವಿಡೀ ನೂತು, ಮತ್ತೆ ಮುಂದಿನ ಭಾನುವಾರದವರೆಗೆ ಅದನ್ನು ಮುಟ್ಟದವರು ಬಹಳ. ಅಷ್ಟರಲ್ಲಿ ಬೆರಳು ಕಲಿತದ್ದನ್ನು ಬಿಟ್ಟಿರುತ್ತದೆ. ಅರ್ಧ ಗಂಟೆಯೇ ಸಾಕು, ಆದರೆ ದಿನವೂ ಆಗಬೇಕು. ಬೆಳಗಿನ ಹೊತ್ತು ಒಳ್ಳೆಯದು. ಮೈಸೂರು, ಮಂಡ್ಯದ ಕಡೆ ಬೇಸಿಗೆಯ ಮಧ್ಯಾಹ್ನ ಗಾಳಿ ಒಣಗಿ, ಹತ್ತಿಯ ಎಳೆ ಬೇಗ ತುಂಡಾಗುತ್ತದೆ. ಫ್ಯಾನ್ ಆರಿಸಿ ಕುಳಿತುಕೊಳ್ಳಿ.

ಗಾಂಧೀಜಿ ಭೇಟಿ ಕೊಟ್ಟಿದ್ದ ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿ ಕೇಂದ್ರದ ಹೆಸರು ನೂಲುವವರಿಗೆಲ್ಲ ಗೊತ್ತು. ಖಾದಿ ಕೇಂದ್ರಗಳಲ್ಲಿ ಬಳಸುವ ಅಂಬರ ಚರಕದಲ್ಲಿ ಹತ್ತಿಯನ್ನು ಸಣ್ಣಗೆ ಎಳೆಯುವ ಕೆಲಸ ರೋಲರುಗಳದ್ದು. ಮನೆಯ ಪೆಟ್ಟಿಗೆ ಚರಕದಲ್ಲಿ ಅದು ಪೂರ್ತಿ ನಿಮ್ಮ ಬೆರಳಿನದ್ದು. ಹಾಗಾಗಿ ಅಭ್ಯಾಸ ಬೆರಳಿನಿಂದಲೇ ಶುರುವಾಗಲಿ.

ಮೊದಲ ಐದು ನಿಮಿಷ ಚಕ್ರ ತಿರುಗಿಸಬೇಡಿ. ಹಂಜಿಯನ್ನು, ಅಂದರೆ ನೂಲಲು ಸುರುಳಿ ಮಾಡಿದ ಹತ್ತಿಯನ್ನು, ಎರಡೂ ಕೈಯಲ್ಲಿ ಹಿಡಿದು ತುದಿಯನ್ನು ನಿಧಾನವಾಗಿ ಎಳೆಯಿರಿ. ಸಾಮಾನ್ಯ ಹತ್ತಿಯ ನಾರು ಸುಮಾರು 25ರಿಂದ 30 ಮಿಲಿಮೀಟರ್ ಉದ್ದ. ಎರಡು ಹಿಡಿತಗಳ ನಡುವೆ ಅದಕ್ಕಿಂತ ಕಡಿಮೆ ಅಂತರವಿದ್ದರೆ ನಾರು ಜಗ್ಗುವುದಿಲ್ಲ, ತೀರಾ ಹೆಚ್ಚಾದರೆ ಕಳಚಿಕೊಳ್ಳುತ್ತದೆ. ನಾರು ಜಾರತೊಡಗುವ ಅಂತರ ಬೆರಳಿಗೆ ತಿಳಿಯಬೇಕು.

ಆಮೇಲೆ ಚರಕ. ಬಲಗೈ ಚಕ್ರ ತಿರುಗಿಸುವಾಗ ಎಡಗೈ ಹಂಜಿಯನ್ನು ಹಿಂದಕ್ಕೆ ಒಯ್ಯುತ್ತದೆ. ಎಳೆ ಕದಿರಿನ (ತಿರುಗುತ್ತ ನೂಲು ಸುತ್ತಿಕೊಳ್ಳುವ ಕಡ್ಡಿಯ) ತುದಿಯಿಂದ ಓರೆಯಾಗಿ ಬರಲಿ. ಹಂಜಿಯನ್ನು ಹಿಸುಕಬೇಡಿ. ಹೊಸಬರ ಎಳೆ ತುಂಡಾಗುವುದು ಚಕ್ರದ ತಪ್ಪಿನಿಂದಲ್ಲ, ಹೆಚ್ಚಿನ ಸಲ ಈ ಬಿಗಿ ಹಿಡಿತದಿಂದ.

ಎಳೆಯಲ್ಲಿ ಗಂಟುಗಂಟು ಬಂದರೆ ಕಂಗೆಡಬೇಡಿ. ಹುರಿ, ಅಂದರೆ ಎಳೆಗೆ ಬೀಳುವ ತಿರುಚು, ಯಾವಾಗಲೂ ತೆಳುವಾದ ಕಡೆಗೇ ಓಡುತ್ತದೆ, ದಪ್ಪನೆಯ ಜಾಗ ಸಡಿಲವಾಗಿ ಉಳಿಯುತ್ತದೆ. ಆದ್ದರಿಂದ ಹುರಿ ಪೂರ್ತಿ ಏರುವ ಮೊದಲೇ ಎಳೆಯನ್ನು ಮೆಲ್ಲನೆ ಜಗ್ಗಿದರೆ ದಪ್ಪ ಜಾಗವೇ ಹಿಗ್ಗಿ ತೆಳುವಾಗುತ್ತದೆ, ತೆಳುವಾದದ್ದು ತಡೆದುಕೊಳ್ಳುತ್ತದೆ. ಹತ್ತಿ ನೂಲುವುದರ ಸೊಗಸೆಲ್ಲ ನನಗೆ ಕಾಣುವುದು ಈ ಒಂದು ಜಗ್ಗಿನಲ್ಲಿ. ದಿನದ ಹೆಚ್ಚಿನ ಸಮಯ ಇದಕ್ಕೇ ಸಲ್ಲಲಿ.

ಜಗ್ಗಿದ ಮೇಲೆ ಇನ್ನಷ್ಟು ಸುತ್ತು ಕೊಟ್ಟು ಹುರಿ ಗಟ್ಟಿ ಮಾಡಿ. ಚಕ್ರವನ್ನು ತುಸು ಹಿಂದಕ್ಕೆ ತಿರುಗಿಸಿ ತುದಿಯ ಸುತ್ತು ಬಿಚ್ಚಿ, ಎಳೆಯನ್ನು ಕದಿರಿಗೆ ನೇರ ಅಡ್ಡವಾಗಿ ಹಿಡಿದು ಸುತ್ತಿಕೊಳ್ಳಿ. ತುಂಡಾದರೆ ತುದಿಯ ಹುರಿ ಬಿಚ್ಚಿ ಹಂಜಿಯ ನಾರಿನ ಮೇಲಿಟ್ಟು ತಿರುಗಿಸಿ, ಅದು ಕೂಡಿಕೊಳ್ಳುತ್ತದೆ. ಗಂಟು ಹಾಕಬೇಡಿ.

ಅಭ್ಯಾಸ ಮುಗಿಸುವ ಮುನ್ನ ಆ ದಿನದ ನೂಲನ್ನು ಕಪ್ಪು ರಟ್ಟಿನ ಮೇಲೆ ಒತ್ತಾಗಿ ಹತ್ತು ಸುತ್ತು ಸುತ್ತಿ ತಾರೀಕು ಬರೆಯಿರಿ. ಏರುಪೇರು ಕಣ್ಣಿಗೆ ಹೊಡೆದು ಕಾಣುತ್ತದೆ. ವಾರಕ್ಕೊಮ್ಮೆ ನೂರು ಮೀಟರ್ ನೂಲನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ. ಸುಮಾರು 3 ಗ್ರಾಂ ಬಂದರೆ ಅದು 20 ನಂಬರಿನ ನೂಲು (ನಂಬರು ಏರಿದಷ್ಟೂ ನೂಲು ತೆಳು). ಆದರೆ ತೂಕ ಸರಾಸರಿಯನ್ನಷ್ಟೇ ಹೇಳುತ್ತದೆ, ಎಳೆಯ ನಯ ಗೊತ್ತಾಗುವುದು ರಟ್ಟಿನಲ್ಲೇ.

ಮೇಲುಕೋಟೆಯ ಜನಪದ ಸೇವಾ ಟ್ರಸ್ಟಿನ ಕೈಮಗ್ಗಗಳನ್ನು ಒಮ್ಮೆ ನೋಡಿ ಬನ್ನಿ. ಮಗ್ಗದಲ್ಲಿ ಉದ್ದಕ್ಕೆ ಹೂಡುವ ಹಾಸಿನ ಎಳೆ ಸದಾ ಬಿಗಿದುಕೊಂಡು ಉಜ್ಜಿಸಿಕೊಳ್ಳುತ್ತದೆ, ಅಡ್ಡಕ್ಕೆ ಹಾಯುವ ಹೊಕ್ಕಿಗೆ ಅಷ್ಟು ಕಷ್ಟವಿಲ್ಲ. ನೀವು ನೂತ ಮೊದಲ ನೂಲನ್ನು ಹೊಕ್ಕಿಗೇ ಕೊಡಿ.