ಬಳ್ಳಾರಿಯ ಬಿಸಿಲಿನಲ್ಲಿ ತಿಂಗಳಿಗೊಂದು ಜಿನ್ ಪೆಟ್ಟಿಗೆ

ಬ್ರಿಟನ್ನಿನಲ್ಲಿ ಕ್ರಾಫ್ಟ್ ಜಿನ್ ಕ್ಲಬ್‌ನಂಥ ಸಂಸ್ಥೆಗಳು ಚಂದಾದಾರರ ಮನೆಗೆ ಪ್ರತಿ ತಿಂಗಳು ಒಂದು ಪೆಟ್ಟಿಗೆಯನ್ನು ಕಳಿಸುತ್ತವೆ. ಅದರಲ್ಲಿ ಒಂದು ಪೂರ್ಣ ಬಾಟಲಿ ಜಿನ್ (ಜುನಿಪರ್ ಎಂಬ ಕಾಯಿಯ ಘಮವಿರುವ ಮದ್ಯ), ಅದಕ್ಕೆ ಒಗ್ಗುವ ಟಾನಿಕ್ (ಕಹಿ ಬೆರೆತ ಸಿಹಿ ಸೋಡಾ), ಒಂದಿಷ್ಟು ಕುರುಕಲು ತಿಂಡಿ ಇರುತ್ತವೆ. ನಮ್ಮ ರಾಜ್ಯದಲ್ಲಿ ಮದ್ಯವನ್ನು ಮನೆಬಾಗಿಲಿಗೆ ತರಿಸಿಕೊಳ್ಳುವ ಅನುಕೂಲವಿಲ್ಲದ ಕಾರಣ, ನಾವು ನಾಲ್ವರು ಗೆಳೆಯರು ಅಂಥದೇ ಪೆಟ್ಟಿಗೆಯನ್ನು ಬಳ್ಳಾರಿಯ ಗಾಂಧಿನಗರದ ನನ್ನ ಮನೆಯಲ್ಲೇ ಕಟ್ಟಲು ಹೊರಟೆವು. ‘ಇದೆಲ್ಲ ಬೆಂಗ್ಳೂರು ಮಂದಿ ಆಟನಪ್ಪ, ನಮ್ಮ ಬಿಸ್ಲಾಗ ನಡಿಯಂಗಿಲ್ಲ’ ಎಂದು ಹೇಳದವರೇ ಇರಲಿಲ್ಲ. ಎರಡು ಬೇಸಿಗೆಗಳನ್ನು ದಾಟಿ ಅದು ಇಂದಿಗೂ ನಡೆಯುತ್ತಿದೆಯಾದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಜಿನ್ ಎಂದರೇನು, ಜುನಿಪರ್ ಎಂದರೇನು ಎಂಬುದನ್ನು ಇಲ್ಲಿ ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಬಾಟಲಿ ಸಿಗುವುದು ಕಷ್ಟವೆಂದು ಹಲವರು ತಿಳಿದಿದ್ದಾರೆ, ಅದು ನಿಜವಲ್ಲ. 2017ರಲ್ಲಿ ಗ್ರೇಟರ್ ದ್ಯಾನ್ ಬಂದ ಮೇಲೆ ಹಪುಸಾ, ಸ್ಟ್ರೇಂಜರ್ ಆಂಡ್ ಸನ್ಸ್, ಜೈಸಲ್ಮೇರ್, ತರಾಯಿ ಎಂದು ಭಾರತದ ಜಿನ್‌ಗಳ ಸಾಲೇ ಬೆಳೆದಿದೆ. ನಮ್ಮ ಊರಿನ ವೈನ್ ಶಾಪಿನಲ್ಲಿ ಇಲ್ಲದಿದ್ದರೆ, ಬೆಂಗಳೂರಿನಿಂದ ಬರುವ ಗೆಳೆಯರಲ್ಲಿ ಒಬ್ಬರು ಬಿಲ್ಲಿನ ಸಮೇತ ಒಂದೇ ಬಾಟಲಿ ತರುತ್ತಾರೆ. ಬೆಲೆ ಒಂದೊಂದು ಜಿನ್ನಿಗೆ ಒಂದೊಂದು ರೀತಿ ಏರಿಳಿಯುತ್ತದೆ. ಪರವಾನಗಿ ಇಲ್ಲದೆ ಮದ್ಯ ಮಾರುವುದು ಅಪರಾಧ. ಆದ್ದರಿಂದ ಖರ್ಚನ್ನು ನಾಲ್ಕು ಪಾಲು ಮಾಡುತ್ತೇವೆಯೇ ಹೊರತು ಅದರ ಮೇಲೆ ಯಾರೂ ಒಂದು ಪೈಸೆಯನ್ನೂ ಇಟ್ಟುಕೊಳ್ಳುವುದಿಲ್ಲ.

ನಮ್ಮನ್ನು ನಿಜವಾಗಿ ಸೋಲಿಸಿದ್ದು ಟಾನಿಕ್ ಮತ್ತು ಮಂಜುಗಡ್ಡೆ. ಮೊದಲ ತಿಂಗಳುಗಳಲ್ಲಿ ಟಾನಿಕ್, ಒಣಗಿಸಿದ ಕಿತ್ತಳೆ ಬಿಲ್ಲೆ, ಮಸಾಲೆ ಪುಡಿಗಳಿರುವ ಸಿದ್ಧ ಕಿಟ್ಟನ್ನು ಹೊರಗಿನ ಒಂದು ಕಂಪನಿಯಿಂದ ತರಿಸಿದೆವು. ಒಂದೊಂದಕ್ಕೂ ಸಾವಿರದ ಮೇಲೆ ಖರ್ಚಾಯಿತು. ಮೇ ತಿಂಗಳಲ್ಲಿ ಬಂದ ಕಿಟ್ಟು ಯಾವುದೋ ಗೋದಾಮಿನಲ್ಲಿ ಬೆಂದು ಬಂದಿತ್ತು. ಕ್ಯಾನ್‌ಗಳು ಉಬ್ಬಿದ್ದವು, ಎರಡು ಒಡೆದಿದ್ದವು, ಕಿತ್ತಳೆ ಬಿಲ್ಲೆಗಳು ತೇವ ಹೀರಿ ಮೆತ್ತಗಾಗಿದ್ದವು. ಹೀಗೆ ಕಳೆದುಕೊಂಡ ಹಣ ಒಟ್ಟಿನಲ್ಲಿ ನಾಲ್ಕೈದು ಸಾವಿರವಾದರೂ ಆಗಿರಬೇಕು. ನಾಲ್ವರಲ್ಲಿ ಒಬ್ಬರು ಆಗಲೇ ಬಿಟ್ಟು ಹೋದರು, ಅವರ ಜಾಗಕ್ಕೆ ಇನ್ನೊಬ್ಬರು ಬಂದರು.

ಟಾನಿಕ್ಕಿನಲ್ಲಿರುವ ಗ್ಯಾಸು ತಣ್ಣನೆಯ ದ್ರವದಲ್ಲಿ ನಿಲ್ಲುತ್ತದೆ, ಬೆಚ್ಚಗಾದೊಡನೆ ಹಾರಿಹೋಗುತ್ತದೆ. ಹೊರಗೆ ನಲವತ್ತು ಡಿಗ್ರಿ ದಾಟಿರುವ ಸಂಜೆ, ಕೋಣೆಯಲ್ಲಿಟ್ಟ ಜಿನ್‌ಗೆ ತಣ್ಣನೆಯ ಟಾನಿಕ್ ಸುರಿದರೆ ಅರ್ಧ ಜೀವ ಲೋಟದಲ್ಲೇ ಹೋಗುತ್ತದೆ; ಮಂಜುಗಡ್ಡೆ ಕರಗಿ ಉಳಿದರ್ಧವನ್ನು ನೀರು ಮಾಡುತ್ತದೆ. ನಾನು ಬಾಟಲಿಯನ್ನೇ ಫ್ರೀಜರಿನಲ್ಲಿಡಲು ಆರಂಭಿಸಿದೆ. ನಮ್ಮಲ್ಲಿ ಸಿಗುವ ಬಹುತೇಕ ಜಿನ್‌ಗಳಲ್ಲಿ ಆಲ್ಕೋಹಾಲ್ ಶೇಕಡಾ 42.8 ಇರುವುದರಿಂದ ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ ಅದು ಹೆಪ್ಪುಗಟ್ಟುವುದಿಲ್ಲ, ಕೊಂಚ ಗಟ್ಟಿಯಾಗಿ ಹರಿಯುತ್ತದೆ ಅಷ್ಟೆ. ಲೋಟವನ್ನೂ ಅಲ್ಲೇ ಇಡುತ್ತೇನೆ. ಇದೊಂದು ಬದಲಾವಣೆಯಿಂದ ಮಂಜುಗಡ್ಡೆಯ ಬಳಕೆ ಅರ್ಧಕ್ಕೆ ಇಳಿಯಿತು. ಸೊಗಡು ಬರುವಷ್ಟು ಜಿನ್ ಬೆಚ್ಚಗಿರಬೇಕೆಂದು ವಾದಿಸುವವರು ಧಾರಾಳವಾಗಿ ವಾದಿಸಲಿ. ಬಳ್ಳಾರಿಯ ಏಪ್ರಿಲ್ ತಿಂಗಳಿನಲ್ಲಿ ಅದು ಲೋಟದಲ್ಲಿ ತಾನಾಗಿಯೇ ಬೆಚ್ಚಗಾಗುತ್ತದೆ.

ಮಂಜುಗಡ್ಡೆಯ ಸಮಸ್ಯೆಗೆ ನೀರು ಕಾರಣವಾಗಿತ್ತು. ಬೋರ್‌ವೆಲ್ಲಿನ ಗಡಸು ನೀರಿನಿಂದ ಮಾಡಿದ ತುಂಡುಗಳು ಬೆಳ್ಳಗಾಗಿ, ಕರಗಿದ ಮೇಲೆ ಲೋಟದ ತಳದಲ್ಲಿ ಸುಣ್ಣದಂಥ ಪುಡಿಯನ್ನು ಬಿಡುತ್ತಿದ್ದವು. ಈಗ ಆರ್‌ಒ ನೀರನ್ನು ಸಣ್ಣ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಮುಚ್ಚಳ ತೆಗೆದು, ಫ್ರೀಜರಿನಲ್ಲಿಡುತ್ತೇನೆ. ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುವಾಗ ಗಾಳಿಯೂ ಕಲ್ಮಶವೂ ತಳಕ್ಕೆ ತಳ್ಳಲ್ಪಡುತ್ತವೆ. ಆ ಮಬ್ಬು ಭಾಗವನ್ನು ಕಡಿದು ಬಿಸಾಡಿ ಉಳಿದುದನ್ನು ದೊಡ್ಡ ತುಂಡು ಮಾಡಿದರೆ ಗಾಜಿನಷ್ಟು ತಿಳಿಯಾಗಿರುತ್ತದೆ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಮಾಡಬೇಕು. ಈ ವಿಷಯದಲ್ಲಿ ನಮ್ಮ ಊರಿನ ಯಾವ ಬಾರಿಗಿಂತಲೂ ನನ್ನ ಮನೆಯ ಮಂಜುಗಡ್ಡೆ ಮೇಲು ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಪೆಟ್ಟಿಗೆಗೆ ನಮ್ಮ ಸೀಮೆಯ ರುಚಿ ಬಂದದ್ದು ಹಣ್ಣುಗಳಿಂದ. ಕೊಪ್ಪಳದ ಕಡೆಯ ದಾಳಿಂಬೆಯ ರಸ ಬಣ್ಣಕ್ಕೆ ಚೆನ್ನ, ಆದರೆ ಬೀಜವನ್ನು ಮಿಕ್ಸಿಗೆ ಹಾಕಿದರೆ ಒಗರು ಬಿಡುತ್ತದೆ; ಬಟ್ಟೆಯಲ್ಲಿ ಹಿಂಡಬೇಕು. ಬಳ್ಳಾರಿಯ ಅಂಜೂರವನ್ನು ಹಸಿಯಾಗಿಯೇ ಜಿನ್ನಿನಲ್ಲಿ ನೆನೆಸಿದಾಗ ಪ್ರತಿ ಬಾರಿಯೂ ಮಬ್ಬು ಬಂತು, ಸೋಸಿದರೂ ಹೋಗಲಿಲ್ಲ. ಕೊನೆಗೆ ಒಣ ಅಂಜೂರದ ಪಾಕ ಮಾಡಿ ಟಾನಿಕ್ಕಿನ ಜೊತೆ ಅರ್ಧ ಚಮಚ ಬೆರೆಸಿದಾಗ ಕೆಲಸ ಕೈಗೂಡಿತು. ಪಾಕಕ್ಕೆ ನಿಂಬೆಯ ಹುಳಿಯನ್ನು ಯಾವ ಹದದಲ್ಲಿ ಸೇರಿಸಬೇಕು, ಜೊತೆಗೆ ಇನ್ನೇನು ಹಾಕುತ್ತೇನೆ ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಹಡಗಲಿ ಮಲ್ಲಿಗೆಯನ್ನೂ ಪ್ರಯತ್ನಿಸಿದೆವು. ಔಷಧ ಹೊಡೆಯದ ಮೊಗ್ಗು ಸಿಗುವುದೇ ದೊಡ್ಡ ಕೆಲಸ. ಪೇಟೆಯ ಹೂವನ್ನು ಯಾರೂ ಬಳಸಬಾರದು. ಜಿನ್ನಿನಲ್ಲಿ ನೆನೆಸಿ ಒಂದು ಗಂಟೆಯೊಳಗೆ ಮೊಗ್ಗನ್ನು ತೆಗೆದರೆ ಘಮ ಹಿತವಾಗಿರುತ್ತದೆ, ರಾತ್ರಿಯಿಡೀ ಬಿಟ್ಟರೆ ಕಹಿಯಾಗಿ ಹಸಿ ಸೊಪ್ಪಿನ ವಾಸನೆ ಬರುತ್ತದೆ. ಸೀಳಿದ ಹಸಿಮೆಣಸಿನಕಾಯಿಗೆ ಹತ್ತು ನಿಮಿಷವೇ ಹೆಚ್ಚು, ಖಾರ ಆಲ್ಕೋಹಾಲಿನಲ್ಲಿ ಅಷ್ಟು ಬೇಗ ಇಳಿಯುತ್ತದೆ. ಕರಿಬೇವನ್ನು ಕೈಯಲ್ಲಿ ತಟ್ಟಿ ಮೇಲಿಟ್ಟರೆ ಸಾಕು. ಟಾನಿಕ್ಕಿಗೆ ಕಹಿ ಕೊಡುವ ಕ್ವಿನೈನ್ ಸಿಗುವ ಸಿಂಕೋನಾ ತೊಗಟೆಯಿಂದ ಮನೆಯಲ್ಲೇ ಟಾನಿಕ್ ಕುದಿಸುವ ಯೋಚನೆಯೂ ನಡುವೆ ಬಂದಿತ್ತು. ಅಮೆರಿಕದಲ್ಲಿ ಟಾನಿಕ್ಕಿನ ಕ್ವಿನೈನ್ ಪ್ರಮಾಣ ಹತ್ತು ಲಕ್ಷಕ್ಕೆ 83 ಭಾಗ ಮೀರುವಂತಿಲ್ಲ. ಮನೆಯಲ್ಲಿ ಅದನ್ನು ಅಳೆಯುವ ಬಗೆಯಿಲ್ಲ, ಹೆಚ್ಚಾದರೆ ಕಿವಿಯಲ್ಲಿ ಮೊರೆತ, ತಲೆಸುತ್ತು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಆ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟು, ಟಾನಿಕ್ಕನ್ನು ಇಲ್ಲಿಯ ಅಂಗಡಿಯಿಂದಲೇ, ಆಯಾ ತಿಂಗಳಿಗೆ ಬೇಕಾದಷ್ಟೇ ಕೊಳ್ಳುತ್ತೇವೆ.

ತಿಂಡಿಯ ಬಗ್ಗೆ ಚರ್ಚೆಯೇ ಇಲ್ಲ, ಒಗ್ಗಾಣಿ ಮತ್ತು ಮಿರ್ಚಿ. ಮೆಣಸು, ಜಾಪತ್ರೆ, ಜಾಯಿಕಾಯಿ ಇರುವ ಸ್ಟ್ರೇಂಜರ್ ಆಂಡ್ ಸನ್ಸ್ ಮಿರ್ಚಿಯ ಖಾರಕ್ಕೆ ಎದುರು ನಿಲ್ಲುತ್ತದೆ. ತುಳಸಿ, ಸೋಂಪು ಇರುವ ತರಾಯಿ ಒಗ್ಗಾಣಿಯ ನಿಂಬೆಹುಳಿಗೆ ಹೊಂದುತ್ತದೆ. ಅರಿಸಿನ, ಮಾವು ಮತ್ತು ಹಿಮಾಲಯದ ಜುನಿಪರ್ ಇರುವ ಹಪುಸಾಕ್ಕೆ ಮಾತ್ರ ತಿಂಡಿಯೇ ಬೇಡ ಎಂಬುದು ನನ್ನ ಅಭಿಪ್ರಾಯ. ಅದನ್ನು ಸೋಡಾದಲ್ಲಿ ಕುಡಿಯಬೇಕು, ಟಾನಿಕ್ಕಿನ ಸಿಹಿ ಅದರ ಮಣ್ಣಿನ ಗುಣವನ್ನು ಮುಚ್ಚಿಬಿಡುತ್ತದೆ.

ಈಗ ಒಬ್ಬೊಬ್ಬರಿಗೆ ತಿಂಗಳಿಗೆ ಎಂಟುನೂರರಿಂದ ಸಾವಿರದೊಳಗೆ ಬೀಳುತ್ತದೆ. ಕಿಟ್ಟು ತರಿಸುತ್ತಿದ್ದಾಗ ಸಾವಿರದ ಮುನ್ನೂರು, ಸಾವಿರದ ನಾನೂರು ದಾಟುತ್ತಿತ್ತು. ಕುದಿನೀರಿನಲ್ಲಿ ತೊಳೆದು ಒಣಗಿಸಿದ 180 ಎಂಎಲ್ ಗಾಜಿನ ಬಾಟಲಿಗಳಿಗೆ ಕತ್ತಿನವರೆಗೆ ಜಿನ್ ತುಂಬಿ, ಪಾಕದ ಪುಟ್ಟ ಶೀಶೆ, ಟಾನಿಕ್, ನಿಂಬೆ ಇಟ್ಟು ಕಟ್ಟಿಕೊಡುತ್ತೇನೆ. ಒಂದು ಲಾರ್ಜ್ ಎಂದರೆ 60 ಎಂಎಲ್; ಒಬ್ಬರಿಗೆ ತಿಂಗಳಿಗೆ ಮೂರು ಲಾರ್ಜ್ ಆಯಿತು, ಅದಕ್ಕಿಂತ ಹೆಚ್ಚು ನಮಗಾರಿಗೂ ಬೇಕಿಲ್ಲ. ಮೊದಲು ನಕ್ಕವರಲ್ಲಿ ಇಬ್ಬರು ಈಗ ತಮ್ಮನ್ನೂ ಸೇರಿಸಿಕೊಳ್ಳಿ ಎನ್ನುತ್ತಿದ್ದಾರೆ. 750 ಎಂಎಲ್ ಬಾಟಲಿಯನ್ನು ಆರು ಪಾಲು ಮಾಡಿದರೆ ಎರಡು ಲಾರ್ಜಿನ ಮೇಲೆ ಒಂದು ಗುಟುಕು ಉಳಿಯುತ್ತದೆ, ರುಚಿಯನ್ನು ಬೇರೆಬೇರೆ ರೀತಿಯಲ್ಲಿ ಪರೀಕ್ಷಿಸಲು ಅದು ಸಾಲದು. ಅವರು ಇನ್ನಿಬ್ಬರನ್ನು ಹುಡುಕಿಕೊಂಡು ಬೇರೆ ಗುಂಪು ಕಟ್ಟಲಿ, ದೀಪಾವಳಿ ಕಳೆದು ಬಿಸಿಲು ಇಳಿದ ಮೇಲೆ ಆರಂಭಿಸಲಿ ಎಂದು ಹೇಳಿದ್ದೇನೆ. ನಾಲ್ಕು ಪಾಲು ತುಂಬಿದ ಮೇಲೆ ಬಾಟಲಿಯಲ್ಲಿ ಮಿಗುವ 30 ಎಂಎಲ್, ಪೆಟ್ಟಿಗೆ ಕಟ್ಟುವವನ ಹಕ್ಕು. ಅದನ್ನು ನಾನು ಏನನ್ನೂ ಬೆರೆಸದೆ ರುಚಿ ನೋಡಿ, ಆ ತಿಂಗಳ ಪಾಕ ಯಾವುದೆಂದು ನಿರ್ಧರಿಸುತ್ತೇನೆ.