ದ್ರಾಕ್ಷಿ ಬೀಜಕ್ಕೆ ಮೊದಲು ಚಳಿ, ಆಮೇಲೆ ಮಣ್ಣು

ಹಣ್ಣು ತಿಂದು, ಬೀಜವನ್ನು ಕುಂಡದ ಮಣ್ಣಿಗೆ ತುರುಕಿ, ಎರಡು ವಾರ ನೀರು ಹುಯ್ದು, ಆಮೇಲೆ ‘ದ್ರಾಕ್ಷಿ ಬೀಜದಿಂದ ಬರುವುದಿಲ್ಲ’ ಎಂದು ತೀರ್ಪು ಕೊಡುವವರನ್ನು ನೋಡಿ ನನಗೆ ಸಾಕಾಗಿದೆ. ಬರುತ್ತದೆ. ಬರುವ ಹಾಗೆ ನೀವು ಮಾಡುವುದಿಲ್ಲ, ಅಷ್ಟೇ. ನಮ್ಮ ಬೀದಿಯ ಹುಡುಗಿಯೊಬ್ಬಳು ಒಣದ್ರಾಕ್ಷಿಯನ್ನು ನೆನೆಹಾಕಿ ಬಿತ್ತಿದ್ದಳು. ಬೀಜವೇ ಇಲ್ಲದ ಹಣ್ಣನ್ನು ಒಣಗಿಸಿದ್ದು ಅದು, ಮೊಳೆಯಲು ಒಳಗೆ ಏನಿದೆ? ಸುತ್ತ ದ್ರಾಕ್ಷಿ ಚಪ್ಪರಗಳೇ ಇರುವ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದವರಿಗೂ ಇದನ್ನು ಹೇಳಿಕೊಡಬೇಕೆಂದರೆ ಹೇಗೆ?

ಥಾಮ್ಸನ್, ಶರದ್ ಮುಂತಾದ ಬೀಜರಹಿತ ಜಾತಿಗಳನ್ನು ಬಿಡಿ. ನಮ್ಮ ಬೆಂಗಳೂರು ನೀಲಿಯನ್ನು ತನ್ನಿ, ದಿಲ್‌ಖುಷ್ ಆದರೂ ಆದೀತು. ಬಳ್ಳಿಯಲ್ಲೇ ಚೆನ್ನಾಗಿ ಕಳಿತ ಗೊಂಚಲು ಬೇಕು. ಹಣ್ಣನ್ನು ಹಿಸುಕಿದಾಗ ಬೀಜ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರಬೇಕು. ಹಸಿರಾಗಿದ್ದರೆ ಕಸಕ್ಕೆ ಹಾಕಿ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತಿಂದ ಹಣ್ಣಿನ ರುಚಿಯೇ ಬೇಕೆಂದರೆ ಬೀಜ ಹಾಕಬೇಡಿ, ಕಡ್ಡಿ ನೆಡಿ. ನಮ್ಮ ಮಾವನವರ ತೋಟದಲ್ಲಿ ಬಳ್ಳಿ ಸವರಿದ ದಿನವೇ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಆರಿಸಿ, ಮೂರು ನಾಲ್ಕು ಕಣ್ಣು ಇರುವಂತೆ ಕತ್ತರಿಸಿ, ಬುಡ ಯಾವುದು ತುದಿ ಯಾವುದು ಎಂದು ತಪ್ಪದಂತೆ ಕಟ್ಟು ಕಟ್ಟುತ್ತಿದ್ದರು. ಬೀಜದಿಂದ ಹುಟ್ಟಿದ ಬಳ್ಳಿ ತಾಯಿಯನ್ನೇ ಹೋಲಬೇಕೆಂದಿಲ್ಲ. ಹಣ್ಣು ಹುಳಿಯಾದೀತು, ಸಣ್ಣದಾದೀತು, ಅಪರೂಪಕ್ಕೆ ತಾಯಿಗಿಂತ ಚೆನ್ನಾಗಿಯೂ ಬಂದೀತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬೆಂಗಳೂರು ನೀಲಿಯನ್ನು ಬ್ಲ್ಯಾಕ್ ಚಂಪಾ ಎಂಬ ಜಾತಿಯ ಜೊತೆ ಕೂಡಿಸಿ ಅರ್ಕಾ ಶ್ಯಾಮ್ ಎಂಬ ಹೊಸ ಜಾತಿ ತೆಗೆದದ್ದೂ ಮೊದಲಿಗೆ ಒಂದು ಬೀಜದ ಸಸಿಯಿಂದಲೇ. ಹೊಸದೊಂದು ಬಳ್ಳಿ ನಮ್ಮ ಹಿತ್ತಲಲ್ಲೇ ಹುಟ್ಟಲಿ ಎಂಬ ಆಸೆ ಇರುವವರು ಮುಂದೆ ಓದಿ.

ಎಲ್ಲರೂ ಕೈಬಿಡುವ ಕೆಲಸ ಈಗ ಬರುತ್ತದೆ. ದ್ರಾಕ್ಷಿ ಬೀಜ ಗಾಢ ನಿದ್ದೆಯಲ್ಲಿರುತ್ತದೆ, ಅದನ್ನು ಎಬ್ಬಿಸಲು ತೇವದ ಜೊತೆಗೆ ಚಳಿ ಬೇಕು. ನಂದಿ ಬೆಟ್ಟದ ಮಾರ್ಗಶಿರದ ಚಳಿಯೂ ಅದಕ್ಕೆ ಸಾಲದು. ಹಾಗಾಗಿ ಫ್ರಿಜ್ಜೇ ಗತಿ. ಮೊದಲು ಬೀಜಕ್ಕೆ ಅಂಟಿದ ತಿರುಳನ್ನು ತೆಗೆಯಬೇಕು. ಬೆಂಗಳೂರು ನೀಲಿಯ ತಿರುಳು ಲೋಳೆ, ನೀರಿನಲ್ಲಿ ಅಲ್ಲಾಡಿಸಿದ ಮಾತ್ರಕ್ಕೆ ಬಿಡುವುದಿಲ್ಲ. ಒರಟು ಬಟ್ಟೆಯಲ್ಲಿ ಬೀಜ ಹಾಕಿ, ಒಂದು ಚಿಟಿಕೆ ಮರಳು ಸೇರಿಸಿ, ಅಂಗೈಯಲ್ಲಿ ಉಜ್ಜಿ, ತೊಳೆದು, ಮತ್ತೆ ಉಜ್ಜಿ. ಬೆರಳಿಗೆ ಜಾರದೆ ಬೀಜ ಗರಗರ ಎನ್ನುವವರೆಗೆ ಬಿಡಬೇಡಿ. ಜಾರುವ ಬೀಜಕ್ಕೆ ಬೂಷ್ಟು ಹಿಡಿಯುವುದು ಖಂಡಿತ. ತೊಳೆದ ಬೀಜವನ್ನು ನೀರಿಗೆ ಹಾಕಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಒಂದು ಹಗಲು ಒಂದು ರಾತ್ರಿ ನೆನೆಯಲು ಬಿಡಿ.

ಫ್ರಿಜ್ಜಿನಲ್ಲಿ ಬೀಜ ಹೂತಿಡುವ ಮರಳನ್ನೂ ತೊಳೆದು ಕುದಿಯುವ ನೀರು ಹುಯ್ದು ಆರಿಸಿಕೊಂಡಿರಬೇಕು. ಅದರ ಹದ ಕೈಗೆ ತಿಳಿಯುತ್ತದೆ: ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳಬಾರದು, ಮುಷ್ಟಿ ಬಿಚ್ಚಿದರೆ ಉಂಡೆ ಒಡೆಯಬಾರದು. ಡಬ್ಬಿಯಲ್ಲಿ ಒಂದು ಪದರ ಮರಳು, ಒಂದಕ್ಕೊಂದು ತಾಗದಂತೆ ಬೀಜ, ಮೇಲೆ ಮತ್ತೆ ಮರಳು. ಮುಚ್ಚಳಕ್ಕೆ ಸೂಜಿಯಲ್ಲಿ ಎರಡು ತೂತು. ಮೇಲೆ ದಿನಾಂಕ ಬರೆದು ಅಂಟಿಸಿ, ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಎಸೆಯುತ್ತಾರೆ. ಫ್ರೀಜರ್‌ನಲ್ಲಿ ಅಲ್ಲ, ತರಕಾರಿ ಇಡುವ ಕಡೆ ಹಿಂದಕ್ಕೆ ತಳ್ಳಿ ಇಡಿ. ಅಂದ ಹಾಗೆ, ಕೊತ್ತಂಬರಿ ಸೊಪ್ಪನ್ನು ತೊಳೆದು ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದೇ ಜಾಗದಲ್ಲಿ ಕೊಳೆಸುತ್ತೀರಲ್ಲ, ಅದನ್ನೂ ನಿಲ್ಲಿಸಿ. ಬೇರು ಕತ್ತರಿಸಿ, ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ವಾರ ಕಳೆದರೂ ಬಾಡುವುದಿಲ್ಲ.

ಶಿವರಾತ್ರಿಯ ಹೊತ್ತಿಗೆ ಇಟ್ಟ ಬೀಜವನ್ನು ನಾನು ಕಾರಹುಣ್ಣಿಮೆಯ ಆಸುಪಾಸಿನಲ್ಲಿ ತೆಗೆಯುತ್ತೇನೆ. ಮೂರು ತಿಂಗಳಿಗೆ ಕಡಿಮೆ ಮಾಡಬೇಡಿ. ನಡುನಡುವೆ ಮುಚ್ಚಳ ತೆಗೆದು ಮೂಸಿ ನೋಡಿ. ಮಣ್ಣಿನ ವಾಸನೆ ಬಂದರೆ ಸರಿ, ಮುಗ್ಗುಲು ಬಂದರೆ ಬೀಜ ತೊಳೆದು ಮರಳು ಬದಲಿಸಿ. ಒಣಗಿದಂತೆ ಕಂಡರೆ ಬೆರಳಲ್ಲಿ ನೀರು ಚಿಮುಕಿಸಿ, ಚೊಂಬಿನಲ್ಲಿ ಸುರಿಯಬೇಡಿ.

ಬಿತ್ತುವುದು ಸುಲಭ. ಕೆಮ್ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸೇರಿಸಿ, ಬೆರಳಿನ ಮೊದಲ ಗೆರೆಯಷ್ಟೂ ಆಳಕ್ಕೆ ಇಳಿಸದೆ ಬೀಜ ಊರಿ. ಕುಂಡ ಬೆಚ್ಚಗಿರಲಿ, ಮಳೆ ನೇರವಾಗಿ ಬೀಳದಿರಲಿ. ಕೆಲವು ಎರಡು ವಾರದಲ್ಲಿ ಮೊಳೆಯುತ್ತವೆ, ಕೆಲವು ಎರಡು ತಿಂಗಳು ತೆಗೆದುಕೊಳ್ಳುತ್ತವೆ. ದಿನವೂ ಮಣ್ಣು ಕೆದಕಿ ನೋಡುವ ಚಟ ಬಿಡಿ. ಮೊದಲು ನುಣುಪಾದ ಎರಡೆಲೆ, ಆಮೇಲೆ ಅಂಚು ಹಲ್ಲುಹಲ್ಲಾದ ನಿಜವಾದ ಎಲೆ. ಆಗ ನೀರು ಹೆಚ್ಚಾದರೆ ಬುಡ ಕಪ್ಪಾಗಿ ಸಸಿ ಮಲಗಿಬಿಡುತ್ತದೆ.

ಗೇಣುದ್ದ ಆದ ಮೇಲೆ, ಮಳೆ ತಗ್ಗಿದಾಗ, ದಿನವಿಡೀ ಬಿಸಿಲು ಬೀಳುವ ಕಡೆ ನೆಡಿ. ಒಂದೇ ಕುಡಿಯನ್ನು ಕೋಲಿಗೆ ಕಟ್ಟಿ ಚಪ್ಪರದವರೆಗೆ ಏರಿಸಿ, ಪಕ್ಕದ ಕುಡಿಗಳನ್ನು ಚಿವುಟಿ. ಇಲ್ಲಿ ನಿಮ್ಮ ಕೈ ನಡುಗುತ್ತದೆ, ನನಗೆ ಗೊತ್ತು. ಚಿವುಟದೆ, ವರ್ಷ ವರ್ಷ ಸವರದೆ ಬಿಟ್ಟ ಬಳ್ಳಿ ನೆರಳು ಕೊಟ್ಟೀತು, ಗೊಂಚಲು ಕೊಡಲಾರದು. ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು ಕಂಡರೆ ಆ ಎಲೆಗಳನ್ನು ಕಿತ್ತು ದೂರ ಹಾಕಿ, ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸಿ.

ಹಣ್ಣಿಗೆ ಮೂರು ವರ್ಷವಾದರೂ ಕಾಯಬೇಕು. ಕಾಯಿ ಬಣ್ಣ ತಿರುಗಿದ ಕೂಡಲೇ ಹಳೆಯ ಪಂಚೆಯ ತುಂಡನ್ನು ಚೀಲವಾಗಿ ಹೊಲಿದು ಗೊಂಚಲಿಗೆ ಕಟ್ಟಿ, ಇಲ್ಲದಿದ್ದರೆ ಅಳಿಲಿಗೂ ಬಾವಲಿಗೂ ಊಟ. ಬಣ್ಣ ಬಂದಿತೆಂದು ಆ ದಿನವೇ ಕತ್ತರಿ ಹಾಕಬೇಡಿ. ದ್ರಾಕ್ಷಿ ಕಿತ್ತ ಮೇಲೆ ಮಾವಿನಂತೆ ಮಾಗುವುದಿಲ್ಲ. ಗೊಂಚಲಿನ ತುದಿಯ ಹಣ್ಣೊಂದನ್ನು ಬಾಯಿಗೆ ಹಾಕಿ ನೋಡಿ, ಅದು ಸಿಹಿಯಾಗಿದ್ದರೆ ಮಾತ್ರ ಕೀಳಿ.